ಬರ್ಗರ್ಸ್ ಕಾಯಿಲೆ: ತಂಬಾಕು ಬಿಟ್ಟು ಕಾಲು ಉಳಿಸಿಕೊಳ್ಳುವುದು ಹೇಗೆ? ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ವಯಸ್ಸು ಮೂವತ್ತೈದು. ಶುಗರ್ ಇಲ್ಲ, ಬಿಪಿ ಇಲ್ಲ. ಆದರೆ ತೋಟದ ಏರು ಹತ್ತುವಾಗ ಅಂಗಾಲಿನ ನಡುವೆ ಹಿಂಡಿದಂತೆ ನೋವು. ಎರಡು ನಿಮಿಷ ನಿಂತರೆ ಹೋಗುತ್ತದೆ, ನಡೆದರೆ ಮತ್ತೆ ಬರುತ್ತದೆ. ಹೆಬ್ಬೆರಳ ತುದಿಯಲ್ಲಿ ಸಣ್ಣದೊಂದು ಗಾಯ, ತಿಂಗಳಾದರೂ ಒಣಗಿಲ್ಲ. ಜೇಬಿನಲ್ಲಿ ಬೀಡಿ ಕಟ್ಟು. ಇಷ್ಟೂ ಒಬ್ಬರಲ್ಲೇ ಕಂಡರೆ ಬರ್ಗರ್ಸ್ ಕಾಯಿಲೆಯ ಅನುಮಾನ ಬರಲೇಬೇಕು.

ಅನುಮಾನ ಬರುವುದೇ ತಡವಾಗುತ್ತದೆ, ಅದೇ ತೊಂದರೆ. ನಮ್ಮ ದೊಡ್ಡಪ್ಪನ ಮಗನಿಗೆ ಮೊದಲು ಆಣಿ ಅಂದರು, ಆಮೇಲೆ ಯೂರಿಕ್ ಆಸಿಡ್ ಅಂದರು, ಕೊನೆಗೆ ಚಪ್ಪಲಿ ಬದಲಿಸಿ ಅಂದರು. ಕಾಲಿನ ನಾಡಿ ಮುಟ್ಟಿ ನೋಡಿದವರು ಯಾರೂ ಇರಲಿಲ್ಲ. ಕೊಡಗಿನಲ್ಲಿ ಮಳೆ, ಚಳಿ, ಇಂಬಳ, ಗಂಬೂಟು ಎಲ್ಲವೂ ಕಾಲಿಗೆ ಒಂದಲ್ಲ ಒಂದು ಕಾಟ ಕೊಡುತ್ತಲೇ ಇರುತ್ತವೆ. ಹಾಗಾಗಿ ಕಾಲು ನೋವು, ಕಾಲು ಗಾಯ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲು ಕಾಯಿಲೆ ಏನೆಂದು ತಿಳಿದುಕೊಳ್ಳಿ

1879ರಲ್ಲಿ ಆಸ್ಟ್ರಿಯಾದ ಫೆಲಿಕ್ಸ್ ಫಾನ್ ವಿನಿವಾರ್ಟರ್ ಎಂಬ ವೈದ್ಯರು ಇಂಥದ್ದೊಂದು ಕಾಯಿಲೆಯನ್ನು ಮೊದಲು ವಿವರಿಸಿದರು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ರೋಗಿಗಳಿಂದ ಕತ್ತರಿಸಿ ತೆಗೆದ ಕಾಲುಗಳ ರಕ್ತನಾಳಗಳನ್ನು ಪರೀಕ್ಷಿಸಿ ವಿವರವಾಗಿ ಬರೆದರು. ಅಲ್ಲಿಂದ ಅವರ ಹೆಸರೇ ನಿಂತಿತು. ವೈದ್ಯಕೀಯ ಹೆಸರು ಥ್ರೊಂಬೊಆಂಜೈಟಿಸ್ ಆಬ್ಲಿಟರನ್ಸ್. ಆಸ್ಪತ್ರೆಯ ಚೀಟಿಯಲ್ಲಿ ಸಾಮಾನ್ಯವಾಗಿ ಟಿಎಒ ಎಂದಷ್ಟೇ ಬರೆದಿರುತ್ತಾರೆ.

ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳಲ್ಲಿ ಉರಿಯೂತ ಆಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಕೊಬ್ಬು ಕಟ್ಟಿ ರಕ್ತನಾಳ ಕಿರಿದಾಗುತ್ತದಲ್ಲ, ಅದು ಬೇರೆ ಕಾಯಿಲೆ. ಇದು ಹೆಚ್ಚಾಗಿ 45-50 ವರ್ಷದೊಳಗಿನವರಿಗೆ, ತಂಬಾಕು ಬಳಸುವವರಿಗೆ ಬರುತ್ತದೆ. ಗಂಡಸರಲ್ಲಿ ಜಾಸ್ತಿ, ಆದರೆ ಹೆಂಗಸರಿಗೆ ಬರುವುದಿಲ್ಲ ಅಂತೇನಿಲ್ಲ. ಭಾರತದಲ್ಲಿ ಬೀಡಿ ಸೇದುವವರಲ್ಲಿ ಹೆಚ್ಚು ಕಾಣುತ್ತದೆ. ಸಿಗರೇಟಿನಿಂದಲೂ ಬರುತ್ತದೆ, ಹೊಗೆಸೊಪ್ಪು ಅಗಿಯುವವರಲ್ಲೂ ಕಂಡಿದೆ.

ಸೇದುವ ಎಲ್ಲರಿಗೂ ಬರುವುದಿಲ್ಲ. ದೇಹದ ರೋಗನಿರೋಧಕ ಶಕ್ತಿ ಕೆಲವರಲ್ಲಿ ತಂಬಾಕಿಗೆ ವಿಚಿತ್ರವಾಗಿ ಪ್ರತಿಕ್ರಿಯಿಸುತ್ತದೆ, ಹುಟ್ಟಿನಿಂದ ಬಂದ ಗುಣವೂ ಸೇರಿರಬಹುದು ಎಂದು ವೈದ್ಯರು ಭಾವಿಸುತ್ತಾರೆ. ಹಾಗಾಗಿ "ನಮ್ಮ ತಾತ ಎಂಬತ್ತರವರೆಗೂ ಬೀಡಿ ಸೇದಿದ್ರು, ಏನಾಯ್ತು?" ಎನ್ನುವ ಮಾತಿಗೆ ಅರ್ಥವಿಲ್ಲ. ತಾತನ ರಕ್ತನಾಳ ತಾತನದ್ದು. ಇನ್ನೊಂದು ವಿಷಯ: ಇದು ಅಂಟುವ ಕಾಯಿಲೆಯಲ್ಲ. ಬರೀ ಶೀತದಿಂದ ಬರುವುದೂ ಅಲ್ಲ, ಯಾರೋ ಮಾಡಿಸಿದ್ದೂ ಅಲ್ಲ.

ಹೆಜ್ಜೆ 1: ಮನೆಯಲ್ಲೇ ಕಾಲು ನೋಡಿ

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳನ್ನು ಮೇಲೆತ್ತಿದಾಗ ಎದ್ದು ಕಾಣುವ ಸ್ನಾಯುರಜ್ಜಿನ ಗೆರೆಯ ಪಕ್ಕ, ಎರಡು ಬೆರಳನ್ನು ಹಗುರವಾಗಿ ಇಡಿ. ಒತ್ತಬೇಡಿ. ಒತ್ತಿದರೆ ನಾಡಿ ಅಡಗಿ ನಿಮ್ಮ ಬೆರಳಿನ ಬಡಿತವೇ ನಿಮಗೆ ಕೇಳುತ್ತದೆ. ಅಲ್ಲಿ ಸಿಗದಿದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಕೆಲವರಿಗೆ ಆ ಜಾಗದ ನಾಡಿ ಸಿಗುವುದಿಲ್ಲ. ಒಳಗಣ್ಣೆಯ ಹಿಂದೆ, ಅಂದರೆ ಕಾಲಿನ ಒಳಬದಿಯ ಉಬ್ಬು ಮೂಳೆ ಮತ್ತು ಹಿಮ್ಮಡಿಯ ನಡುವಿನ ತಗ್ಗಿನಲ್ಲಿ ಹುಡುಕಿ. ಇದು ಹೆಚ್ಚು ನಂಬಬಹುದಾದ ಜಾಗ. ಎರಡೂ ಕಾಲು ಹೋಲಿಸಿ. ಒಂದರಲ್ಲಿ ಚೆನ್ನಾಗಿ ಬಡಿದು ಇನ್ನೊಂದರಲ್ಲಿ ಎಷ್ಟು ಹುಡುಕಿದರೂ ಇಲ್ಲ ಎಂದರೆ, ಮುಂದಿನ ಹೆಜ್ಜೆ ಆಸ್ಪತ್ರೆಯೇ.

ಇನ್ನೊಂದು ಪರೀಕ್ಷೆಗೆ ಬರ್ಗರ್ ಅವರದ್ದೇ ಹೆಸರಿದೆ. ಅಂಗಾತ ಮಲಗಿ ಎರಡೂ ಕಾಲನ್ನು ಗೋಡೆಗೆ ಒರಗಿಸಿ ಮೇಲೆತ್ತಿ. ಒಂದೆರಡು ನಿಮಿಷದಲ್ಲಿ ಅಂಗಾಲು ಬಿಳುಚಿಕೊಂಡು, ಎದ್ದು ಕುಳಿತು ಕಾಲು ಇಳಿಬಿಟ್ಟಾಗ ನಿಧಾನವಾಗಿ ಗಾಢ ಕೆಂಪಿಗೆ ತಿರುಗಿದರೆ ರಕ್ತದ ಓಟ ಕಡಿಮೆ ಇದೆ ಎಂದರ್ಥ. ಇದನ್ನು ಬೆಚ್ಚಗಿನ ಕೋಣೆಯಲ್ಲಿ ಮಾಡಿ. ಜುಲೈ ತಿಂಗಳ ಮಡಿಕೇರಿಯಲ್ಲಿ ಯಾರ ಕಾಲು ತಾನೇ ಬೆಚ್ಚಗಿರುತ್ತದೆ?

ಬೇರೆ ಲಕ್ಷಣಗಳೂ ಇವೆ. ಚಳಿಗೆ ಕೈಬೆರಳು ಬಿಳುಪಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುವುದು. ಕಾಲಿನ ಮೇಲ್ಮೈ ನರ (ಚರ್ಮದ ಕೆಳಗೆ ಕಾಣುವ ರಕ್ತನಾಳ) ಹಗ್ಗದಂತೆ ಗಟ್ಟಿಯಾಗಿ, ಕೆಂಪಗೆ ಊದಿ, ಕೆಲವು ದಿನದಲ್ಲಿ ಹೋಗಿ, ಇನ್ನೊಂದು ಜಾಗದಲ್ಲಿ ಕಾಣಿಸಿಕೊಳ್ಳುವುದು. ಈ ಓಡಾಡುವ ನರದ ಊತವನ್ನು ತುಂಬಾ ಜನ ಕಡೆಗಣಿಸುತ್ತಾರೆ. ಕಾಯಿಲೆ ಮುಂದುವರಿದಾಗ ಕೂತಲ್ಲೇ ನೋವು, ಅದೂ ರಾತ್ರಿ ಜಾಸ್ತಿ. ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಸ್ವಲ್ಪ ಸಮಾಧಾನ. ರಾತ್ರಿಯಿಡೀ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುವವರನ್ನು ಕಂಡರೆ "ಗ್ಯಾಸ್ ಇರಬೇಕು" ಅನ್ನುವ ಬದಲು ಕಾಲು ನೋಡಿ.

ಮಳೆಗಾಲದಲ್ಲಿ ಬೆರಳ ಸಂದಿ ಕೊಳೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿರಲಿ. ಸಂದಿ ಕೊಳೆತರೆ ಬಿಳಿಯಾಗಿ ತುರಿಸುತ್ತದೆ, ಒಣಗಿಸಿ ಮುಲಾಮು ಹಚ್ಚಿದರೆ ಹೋಗುತ್ತದೆ. ರಕ್ತ ಸಾಲದೆ ಆಗುವ ಹುಣ್ಣು ಸಾಮಾನ್ಯವಾಗಿ ಬೆರಳ ತುದಿಯಲ್ಲಿ ಅಥವಾ ಉಗುರಿನ ಅಂಚಿನಲ್ಲಿ ಆಗುತ್ತದೆ. ಗಾತ್ರ ಚಿಕ್ಕದು, ನೋವು ವಿಪರೀತ.

ಹೆಜ್ಜೆ 2: ಆಸ್ಪತ್ರೆಯಲ್ಲಿ ಏನು ಕೇಳಬೇಕು, ಏನು ಹೇಳಬೇಕು

ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆ. ಶಸ್ತ್ರಚಿಕಿತ್ಸಾ ವಿಭಾಗದ ಹೊರರೋಗಿ ಕೋಣೆಗೆ ಹೋಗಿ. ಮೂಳೆ ವಿಭಾಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ ವಾಪಸ್ ಬರುವವರೇ ಜಾಸ್ತಿ. ನೇರವಾಗಿ ಹೀಗೆ ಹೇಳಿ: "ಡಾಕ್ಟ್ರೇ, ಬೀಡಿ ಸೇದುತ್ತೇನೆ. ನಡೆದರೆ ಪಾದ ನೋಯುತ್ತದೆ, ನಿಂತರೆ ಹೋಗುತ್ತದೆ. ಕಾಲಿನ ನಾಡಿ ನೋಡ್ತೀರಾ?" ಈ ಮೂರು ಮಾತು ಸಾಕು.

ಎಷ್ಟು ಸೇದುತ್ತೀರಿ, ಎಷ್ಟು ವರ್ಷದಿಂದ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತೀರಾ, ಎಲ್ಲ ನಿಜ ಹೇಳಿ. ಹೆಂಡತಿ ಪಕ್ಕದಲ್ಲಿದ್ದಾಳೆ ಅಂತ ಲೆಕ್ಕ ಕಡಿಮೆ ಮಾಡಿದರೆ ನಷ್ಟ ನಿಮಗೇ. ಈ ಕಾಯಿಲೆ ಇದೆ ಎಂದು ಖಚಿತವಾಗಿ ತೋರಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ವಯಸ್ಸು, ತಂಬಾಕಿನ ಚರಿತ್ರೆ, ಮೊಣಕಾಲಿನ ಕೆಳಗಿನ ರಕ್ತನಾಳ ಮುಚ್ಚಿರುವುದು, ಕೈಗೂ ತಗುಲಿರುವುದು ಅಥವಾ ನರದ ಊತ ಬಂದು ಹೋಗಿರುವುದು, ಶುಗರ್-ಬಿಪಿ-ಕೊಲೆಸ್ಟ್ರಾಲ್ ಇಲ್ಲದಿರುವುದು, ಇವನ್ನೆಲ್ಲ ಕೂಡಿಸಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಪರೀಕ್ಷೆಗಳಲ್ಲಿ ಸುಲಭದ್ದು ಕಾಲು ಮತ್ತು ತೋಳಿನ ಬಿಪಿ ಹೋಲಿಸುವುದು. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ತೋಳಿನಲ್ಲಿ 120, ಕಣಕಾಲಿನಲ್ಲಿ 80 ಇದ್ದರೆ 0.67. ಒಂದರ ಆಸುಪಾಸು ಇರಬೇಕು. 0.9ಕ್ಕಿಂತ ಕಡಿಮೆ ಬಂದರೆ ತೊಂದರೆ, 0.4ಕ್ಕಿಂತ ಕೆಳಗಿಳಿದರೆ ಗಂಭೀರ. ಒಂದು ಎಚ್ಚರಿಕೆ: ಬರ್ಗರ್ಸ್ ಶುರುವಾಗುವುದು ಪಾದ ಮತ್ತು ಬೆರಳುಗಳ ಸಣ್ಣ ನಾಳಗಳಲ್ಲಿ. ಹಾಗಾಗಿ ಕಣಕಾಲಿನ ಲೆಕ್ಕ ಸರಿ ಬಂದರೂ ಕಾಯಿಲೆ ಇರಬಹುದು. ಆಗ ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಆಮೇಲೆ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್, ಬೇಕಾದರೆ ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಮ್. ಈ ಕಾಯಿಲೆಯಲ್ಲಿ ಮುಚ್ಚಿದ ನಾಳದ ಸುತ್ತ ದೇಹ ತಾನೇ ಬೆಳೆಸಿಕೊಂಡ ಸಣ್ಣ ನಾಳಗಳು ಸುರುಳಿ ಸುರುಳಿಯಾಗಿ ಕಾಣುತ್ತವೆ. ಹೃದಯದಿಂದ ಹೆಪ್ಪು ಬಂದಿಲ್ಲವೆಂದು ನೋಡಲು ಎಕೋ, ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು ಶುಗರ್, ಕೊಲೆಸ್ಟ್ರಾಲ್, ಸಂಧಿವಾತ ಮತ್ತು ಲೂಪಸ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಗುಣದ ಪರೀಕ್ಷೆ ಬರೆದುಕೊಡಬಹುದು. ಇಷ್ಟೊಂದು ಯಾಕೆ ಎನ್ನಬೇಡಿ. ಇವು ಸರಿ ಇವೆ ಎಂದು ಗೊತ್ತಾದರೇ ಬರ್ಗರ್ಸ್ ಎನ್ನಲು ಆಗುವುದು.

ರಕ್ತನಾಳದ ತಜ್ಞರನ್ನು ಕಾಣಲು ಮೈಸೂರಿಗೋ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ರೈಲಿಲ್ಲ, ಬಸ್ಸೇ ಗತಿ. ತಜ್ಞರು ಯಾವ ದಿನ ಇರುತ್ತಾರೆಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಕುಶಾಲನಗರ ದಾಟಿದ ಮೇಲೆ ಪಿರಿಯಾಪಟ್ಟಣ, ಹುಣಸೂರು ಸುತ್ತ ರಸ್ತೆಯ ಎರಡೂ ಬದಿ ತಂಬಾಕಿನ ಹೊಲ, ಸೊಪ್ಪು ಹದ ಮಾಡುವ ಬ್ಯಾರನ್‌ಗಳು. ತಂಬಾಕಿನಿಂದ ಕಾಲು ಕಳೆದುಕೊಳ್ಳುವ ಹಂತಕ್ಕೆ ಬಂದವನು ಅದರ ನಡುವೆಯೇ ಹಾದು ಆಸ್ಪತ್ರೆಗೆ ಹೋಗಬೇಕು. ಬೆಳೆದವರನ್ನು ಬೈದು ಪ್ರಯೋಜನವಿಲ್ಲ, ಅದು ಅವರ ಹೊಟ್ಟೆಪಾಡು.

ಹೆಜ್ಜೆ 3: ತಂಬಾಕು ಸೊನ್ನೆ ಮಾಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಮಾತ್ರೆ, ಇಂಜೆಕ್ಷನ್, ಆಪರೇಷನ್ ಎಲ್ಲವೂ ಇದರ ನಂತರ.

ಮಾಂಸ ಕೊಳೆಯುವ ಹಂತಕ್ಕೆ ಮುಂಚೆಯೇ ತಂಬಾಕನ್ನು ಪೂರ್ತಿ ಬಿಟ್ಟವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಕೈಕಾಲು ಕತ್ತರಿಸುವುದನ್ನು ತಪ್ಪಿಸಿಕೊಳ್ಳುತ್ತಾರೆ. ಮುಂದುವರಿಸಿದವರಲ್ಲಿ ಹೆಚ್ಚುಕಡಿಮೆ 100ಕ್ಕೆ 40 ಮಂದಿ ಏಳೆಂಟು ವರ್ಷದೊಳಗೆ ಬೆರಳನ್ನೋ ಪಾದವನ್ನೋ ಕಾಲನ್ನೋ ಕಳೆದುಕೊಳ್ಳುತ್ತಾರೆ. ಇಷ್ಟು ಗುಣ ಕೊಡುವ ಬೇರೆ ಔಷಧಿ ಈ ಕಾಯಿಲೆಗೆ ಇಲ್ಲ.

"ಕಡಿಮೆ ಮಾಡಿದ್ದೀನಿ, ದಿನಕ್ಕೆ ಎರಡೇ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಚುರುಕಾಗಿಯೇ ಉಳಿಯುತ್ತದೆ. ಬೀಡಿ ಬಿಟ್ಟು ಹೊಗೆಸೊಪ್ಪು ಹಿಡಿದರೂ ಅಷ್ಟೇ. ಗುಟ್ಕಾ, ಖೈನಿ, ಕಡ್ಡಿಪುಡಿ, ನಶ್ಯ, ಹುಕ್ಕಾ ಎಲ್ಲವೂ ತಂಬಾಕೇ. ಇ-ಸಿಗರೇಟನ್ನು ಭಾರತ 2019ರಲ್ಲೇ ನಿಷೇಧಿಸಿದೆ. ಕದ್ದು ತರಿಸಿಕೊಂಡು ಸೇದಿದರೂ ಅದರೊಳಗಿನ ನಿಕೋಟಿನ್ ನಿಕೋಟಿನ್ನೇ. ಮನೆಯಲ್ಲಿ ಬೇರೆಯವರು ಬಿಡುವ ಹೊಗೆಯೂ ಬೇಡ.

ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಇದೆ. ಮಳೆಗಾಲದಲ್ಲಿ ಇಂಬಳ ಹತ್ತದಿರಲಿ ಎಂದು ಹೊಗೆಸೊಪ್ಪನ್ನೋ ನಶ್ಯದ ಪುಡಿಯನ್ನೋ ಕಾಲಿಗೆ, ಸಾಕ್ಸಿಗೆ ಹಚ್ಚುವ ರೂಢಿ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅದರಲ್ಲೂ ಒದ್ದೆ ಚರ್ಮದ ಮೂಲಕ ಜಾಸ್ತಿ. ಹಸಿ ತಂಬಾಕು ಎಲೆ ಕೀಳುವವರಿಗೆ ತಲೆ ಸುತ್ತಿ ವಾಂತಿಯಾಗುವುದು ಇದೇ ಕಾರಣಕ್ಕೆ. ಬರ್ಗರ್ಸ್ ಇರುವವರು ಕಾಲಿಗೆ ಹೊಗೆಸೊಪ್ಪು ಹಚ್ಚಬಾರದು, ಇಂಬಳ ಕಚ್ಚಿದ ಗಾಯಕ್ಕೆ ಅದುಮಲೂಬಾರದು. ಒತ್ತಾದ ನೇಯ್ಗೆಯ ಉದ್ದ ಸಾಕ್ಸು ಹಾಕಿ, ಅದರ ಮೇಲೆ ಗಂಬೂಟು ಹಾಕಿ. ಇಂಬಳಕ್ಕೆ ಅಷ್ಟು ಸಾಕು.

ಇನ್ನು ಬಿಡುವ ಕ್ರಮ. ಒಂದು ದಿನ ಗೊತ್ತು ಮಾಡಿಕೊಳ್ಳಿ, ಒಂದೆರಡು ವಾರದೊಳಗೇ ಇರಲಿ. ಕಾಫಿ ಕೊಯ್ಲು ಮುಗಿಯಲಿ, ಪುತ್ತರಿ ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ, ಕಾಲು ಅಲ್ಲಿಯವರೆಗೆ ಕಾಯುವುದಿಲ್ಲ. ಹಿಂದಿನ ರಾತ್ರಿ ಬೀಡಿ, ಬೆಂಕಿಪೊಟ್ಟಣ, ಲೈಟರ್, ತಂಬಾಕಿನ ಡಬ್ಬಿ ಎಲ್ಲ ಮನೆಯಿಂದ ಹೊರಗೆ. ಜೀಪಿನ ಡ್ಯಾಶ್‌ಬೋರ್ಡ್, ಮಳೆಕೋಟಿನ ಜೇಬು, ಹಳೇ ಕಾಫಿ ಚೀಲದ ಸಂದಿ ನೋಡುವುದು ಮರೆಯಬೇಡಿ. ಬಚ್ಚಿಟ್ಟವರಿಗೇ ಗೊತ್ತು ಎಲ್ಲೆಲ್ಲಿ ಇದೆ ಅಂತ.

ಮೊದಲ ಮೂರು ದಿನ ಕಷ್ಟ ಜಾಸ್ತಿ. ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ಇವು ತಗ್ಗುತ್ತವೆ. ಒಂದೊಂದು ಸಲದ ಚಟದ ಸೆಳೆತ ಕೆಲವು ನಿಮಿಷ ಮಾತ್ರ ಇರುತ್ತದೆ. ಆ ಹೊತ್ತನ್ನು ದಾಟಿಸಬೇಕು, ಅಷ್ಟೇ. ನೀರು ಕುಡಿಯಿರಿ, ಎದ್ದು ಓಡಾಡಿ, ಏಲಕ್ಕಿ ಅಗಿಯಿರಿ, ಯಾರಿಗಾದರೂ ಫೋನ್ ಮಾಡಿ.

ಬೆಳಗಿನ ಕಾಫಿ ಬಗ್ಗೆ ವಿಶೇಷವಾಗಿ ಹೇಳಬೇಕು. ಕೊಡಗಿನಲ್ಲಿ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಕಾಫಿ ಲೋಟ ಒಂದು ಕೈಯಲ್ಲಿ, ಬೀಡಿ ಇನ್ನೊಂದರಲ್ಲಿ ಎಂಬ ಅಭ್ಯಾಸ ಇದ್ದವರಿಗೆ ಲೋಟ ಹಿಡಿದ ತಕ್ಷಣ ಇನ್ನೊಂದು ಕೈ ಜೇಬಿಗೆ ಹೋಗುತ್ತದೆ. ಜಾಗ ಬದಲಿಸಿ. ಜಗಲಿಯಲ್ಲಿ ಕುಡಿಯುತ್ತಿದ್ದರೆ ಅಡುಗೆಮನೆಯಲ್ಲಿ ಕುಡಿಯಿರಿ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಹೊಗೆ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಲ್ಲಿಸಿದ ಮೇಲೆ ಅಷ್ಟೇ ಕಾಫಿಯಿಂದ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟಾಗಬಹುದು. ನಮ್ಮಲ್ಲಿ ರೊಬಸ್ಟಾ ಜಾಸ್ತಿ, ಅದರಲ್ಲಿ ಅರೇಬಿಕಾಗಿಂತ ಸುಮಾರು ಎರಡರಷ್ಟು ಕೆಫೀನ್ ಬೇರೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ ಎಂದಾಗ "ಬೀಡಿ ಬಿಟ್ಟಿದ್ದಕ್ಕೇ ಹೀಗಾಯ್ತು" ಎಂದು ಮತ್ತೆ ಹಚ್ಚುತ್ತಾರೆ. ಮೊದಲ ವಾರಗಳಲ್ಲಿ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಸಂಜೆ ಮೇಲೆ ಬೇಡ.

ಕೈಲ್‌ಪೊಳ್ದ್ ಹಬ್ಬ, ಮದುವೆ ಮನೆ, ಸ್ನೇಹಿತರ ಕೂಟ ಇವು ದೊಡ್ಡ ಗಂಡಾಂತರ. ಒಂದು ಪೆಗ್ ಒಳಗೆ ಹೋದ ಮೇಲೆ "ಒಂದು ದಮ್ ಎಳೆದರೆ ಏನಾಗುತ್ತೆ" ಅನ್ನಿಸುತ್ತದೆ. ಮೊದಲ ಎರಡು ಮೂರು ತಿಂಗಳು ಕುಡಿಯುವ ಕೂಟದಿಂದ ದೂರ ಇರುವುದೇ ಕ್ಷೇಮ. ಹೋಗಲೇಬೇಕಾದರೆ ಊಟ ಮುಗಿಸಿ ಬೇಗ ಹೊರಡಿ.

ಸಹಾಯಕ್ಕೆ ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ ಇದೆ: 1800-11-2356. ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಬೀಡಿ, ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಚಿತ್ರದ ಜೊತೆ ಅಚ್ಚಾಗಿರುವ ನಂಬರು ಇದೇ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚನೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ.

ಮೆಡಿಕಲ್‌ನಲ್ಲಿ ಸಿಗುವ ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್ ಬೇರೆಯವರಿಗೆ ಒಳ್ಳೆಯ ಸಹಾಯ. ಆದರೆ ಬರ್ಗರ್ಸ್‌ನಲ್ಲಿ ಆ ನಿಕೋಟಿನ್ ಕೂಡ ಕಾಯಿಲೆಯನ್ನು ಜೀವಂತ ಇಡಬಹುದೆಂಬ ಆತಂಕವಿದೆ. ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ. ನಿಕೋಟಿನ್ ಇಲ್ಲದ ಮಾತ್ರೆಗಳಿವೆ: ಬುಪ್ರೊಪಿಯಾನ್, ವರೆನಿಕ್ಲಿನ್. ಬಿಡುವ ದಿನಕ್ಕೆ ಒಂದೆರಡು ವಾರ ಮುಂಚೆಯೇ ಇವನ್ನು ಶುರು ಮಾಡುತ್ತಾರೆ. ಫಿಟ್ಸ್ ಇದ್ದವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ದಿನಾ ಜಾಸ್ತಿ ಕುಡಿಯುವವರೂ ಅದನ್ನು ವೈದ್ಯರಿಗೆ ಮುಂಚೆಯೇ ಹೇಳಬೇಕು.

ಜಾರಿ ಒಂದು ಸೇದಿಬಿಟ್ಟರೆ? ಅಲ್ಲೇ ನಿಲ್ಲಿಸಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ. ಮುಚ್ಚಿಟ್ಟರೆ ಗಾಯ ಯಾಕೆ ಒಣಗುತ್ತಿಲ್ಲವೆಂದು ಅವರು ಬೇರೆಲ್ಲೋ ಹುಡುಕುತ್ತಿರುತ್ತಾರೆ. ನಿಕೋಟಿನ್ ಒಳಗೆ ಹೋಗಿದೆಯೇ ಎಂದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅದೂ ನೆನಪಿರಲಿ.

ಹೆಜ್ಜೆ 4: ಕಾಲಿನ ದಿನಚರಿ

ರಕ್ತ ಸಾಲದ ಕಾಲಿಗೆ ಸಣ್ಣ ಗೀರೂ ದೊಡ್ಡ ಗಾಯವೇ. ದಿನಾ ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಎರಡೂ ಪಾದ ನೋಡಿ. ಬೆರಳ ತುದಿ, ಸಂದಿ, ಹಿಮ್ಮಡಿ. ಬಗ್ಗಲು ಆಗದಿದ್ದರೆ ಮನೆಯವರು ನೋಡಲಿ. ಬಣ್ಣ ಬದಲಾಗಿದ್ದರೆ ಫೋನಿನಲ್ಲಿ ಫೋಟೋ ತೆಗೆದಿಡಿ, ವಾರದಿಂದ ವಾರಕ್ಕೆ ಹೋಲಿಸಲು ಸುಲಭ.

ಬೆಂಕಿ ಕಾಯಿಸುವುದು ಬೇಡ. ಇದನ್ನು ಒತ್ತಿ ಹೇಳಬೇಕು. ಮಳೆಯಲ್ಲಿ ನೆನೆದು ಬಂದು ಒಲೆ ಮುಂದೆ ಕಾಲು ಚಾಚಿ ಕೂರುವುದು ನಮಗೆ ಅಭ್ಯಾಸ. ಸ್ಪರ್ಶ ಕಡಿಮೆಯಾದ ಕಾಲಿಗೆ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ, ಆ ಬೊಬ್ಬೆ ಹುಣ್ಣಾಗುತ್ತದೆ. ಹಂಡೆಯ ಬಿಸಿನೀರು, ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಕೂಡ ಪಾದಕ್ಕೆ ಬೇಡ. ಕಾಲು ಒರೆಸಿ, ಒಣಗಿದ ಉಣ್ಣೆ ಸಾಕ್ಸು ಹಾಕಿ, ಕಂಬಳಿ ಹೊದೆಯಿರಿ. ಮೈ ಬೆಚ್ಚಗಿದ್ದರೆ ಕಾಲಿಗೂ ರಕ್ತ ಹರಿಯುತ್ತದೆ. ಆದ್ದರಿಂದ ಟೋಪಿ, ಸ್ವೆಟರ್ ಕೂಡ ಕಾಲಿನ ಔಷಧಿಯೇ.

ಗಂಬೂಟು ಒಂದು ಸೈಜು ದೊಡ್ಡದಿರಲಿ, ದಪ್ಪ ಸಾಕ್ಸು ಹಾಕಿದರೂ ಬೆರಳು ಆಡುವಂತಿರಬೇಕು. ಹಾಕುವ ಮುಂಚೆ ಬೋರಲು ಮಾಡಿ ಬಡಿಯಿರಿ. ಮುಳ್ಳು, ಕಲ್ಲು, ಚೇಳು ಏನಾದರೂ ಇರಬಹುದು. ಮಧ್ಯಾಹ್ನ ಊಟಕ್ಕೆ ಬಂದಾಗ ಸಾಕ್ಸು ಬದಲಿಸಿ, ಇನ್ನೊಂದು ಜೊತೆ ಯಾವಾಗಲೂ ಚೀಲದಲ್ಲಿರಲಿ. ಲೈನ್ ಮನೆಯಲ್ಲಿರುವ ಕೆಲಸದವರಿಗೆ ಮಾಲೀಕರು ಎರಡು ಜೊತೆ ಒಳ್ಳೆಯ ಸಾಕ್ಸು, ಸರಿಯಾದ ಅಳತೆಯ ಬೂಟು ಕೊಡಿಸಿದರೆ ದೊಡ್ಡ ಖರ್ಚೇನಲ್ಲ. ಕೆಲಸ ಹಂಚುವಾಗಲೂ ಸ್ವಲ್ಪ ಯೋಚಿಸಬೇಕು. ಕರಿಮೆಣಸು ಕೊಯ್ಯುವ ಏಣಿಯ ಮೇಲೆ ಗಂಟೆಗಟ್ಟಲೆ ನಿಲ್ಲುವುದು ಈ ಪಾದಕ್ಕೆ ಆಗದು. ಕೈಬೆರಳಿಗೆ ಕಾಯಿಲೆ ತಗುಲಿದವರಿಗೆ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರದ ಅದುರುವಿಕೆಯೂ ಒಳ್ಳೆಯದಲ್ಲ.

ಉಗುರನ್ನು ಸ್ನಾನದ ನಂತರ ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿ ಪಟ್ಟಿಯೂ ಬೇಡ. ಗಾಯವಾದರೆ ಕುದಿಸಿ ಆರಿಸಿದ ನೀರು ಅಥವಾ ಸಲೈನ್‌ನಲ್ಲಿ ತೊಳೆದು ಶುದ್ಧ ಗಾಜ್ ಬಟ್ಟೆ ಸುತ್ತಿ, ಬಿಗಿಯಾಗಿ ಕಟ್ಟಬೇಡಿ. ಸುಣ್ಣ, ಸೀಮೆಎಣ್ಣೆ, ಬೂದಿ, ಹಸಿ ಸೊಪ್ಪಿನ ರಸ ಯಾವುದೂ ಬೇಡ. ಎರಡು ದಿನದಲ್ಲಿ ಸುಧಾರಿಸದಿದ್ದರೆ ತೋರಿಸಿ.

ರಾತ್ರಿ ನೋವಿದ್ದರೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡಿ. ಪಾದ ಎದೆಗಿಂತ ಸ್ವಲ್ಪ ಕೆಳಗಿರುತ್ತದೆ, ರಕ್ತ ಇಳಿಯಲು ಅನುಕೂಲ. ಇಡೀ ರಾತ್ರಿ ಕಾಲು ನೇತುಹಾಕಿ ಕೂತರೆ ಪಾದ ಊದಿ ಗಾಯ ಇನ್ನಷ್ಟು ಕೆಡುತ್ತದೆ.

ಹೆಜ್ಜೆ 5: ನಡಿಗೆ

ಹುಣ್ಣು ಇಲ್ಲದವರು, ಕೂತಲ್ಲಿ ನೋವಿಲ್ಲದವರು ದಿನಾ ನಡೆಯಬೇಕು. ನೋವು ಬರುವವರೆಗೆ ನಡೆದು, ನಿಂತು, ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಅರ್ಧ ಗಂಟೆ. ನಮ್ಮ ಏರು ದಾರಿ ಇದಕ್ಕೆ ಸರಿಯಲ್ಲ, ಆದಷ್ಟು ಸಮತಟ್ಟಾದ ಜಾಗ ನೋಡಿ, ಕಾಫಿ ಒಣಗಿಸುವ ಕಣವೇ ಸಾಕು. ಸಿದ್ದಾಪುರ, ಪಾಲಿಬೆಟ್ಟ ಕಡೆಯವರು ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಿ, ಆನೆಗೆ ನಿಮ್ಮ ವಾಕಿಂಗ್ ಗೊತ್ತಿಲ್ಲ. ಹುಣ್ಣಿದ್ದರೆ ನಡಿಗೆ ಬಗ್ಗೆ ವೈದ್ಯರನ್ನು ಕೇಳಿ.

ಹೆಜ್ಜೆ 6: ಔಷಧಿ, ಆಪರೇಷನ್ ಯಾವಾಗ

ಆಸ್ಪಿರಿನ್ ಸಾಮಾನ್ಯವಾಗಿ ಕೊಡುತ್ತಾರೆ. ಸಿಲೋಸ್ಟಜಾಲ್ ಮಾತ್ರೆ ರಕ್ತನಾಳ ಹಿಗ್ಗಿಸಿ ನಡೆಯುವ ದೂರ ಹೆಚ್ಚಿಸಲು ಸಹಾಯ ಮಾಡಬಹುದು. ಅದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ತಲೆನೋವು, ಎದೆಬಡಿತ, ಭೇದಿ ಆಗಬಹುದು. ಹೃದಯ ದುರ್ಬಲವಾಗಿರುವವರಿಗೆ ಇದು ನಿಷಿದ್ಧ. ಚಳಿಗೆ ಬೆರಳು ಬಿಳುಚಿಕೊಳ್ಳುವವರಿಗೆ ನಿಫೆಡಿಪಿನ್ ಜಾತಿಯ ಮಾತ್ರೆ. ತೀವ್ರ ನೋವು, ಹುಣ್ಣು ಇದ್ದರೆ ಆಸ್ಪತ್ರೆಯಲ್ಲಿ ಪ್ರೊಸ್ಟಗ್ಲಾಂಡಿನ್ ಜಾತಿಯ ಔಷಧಿಯನ್ನು ಡ್ರಿಪ್ ಮೂಲಕ ಹಲವು ದಿನ ಕೊಡುತ್ತಾರೆ. ನೆಗಡಿಗೆ, ಮೈಗ್ರೇನಿಗೆ ಮೆಡಿಕಲ್‌ನಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ರಕ್ತನಾಳವನ್ನು ಬಿಗಿಗೊಳಿಸುತ್ತವೆ. ನಿಮ್ಮ ಕಾಯಿಲೆ ಹೇಳಿಯೇ ಔಷಧಿ ಕೇಳಿ.

"ಹೃದಯಕ್ಕೆ ಬೈಪಾಸ್ ಮಾಡ್ತಾರಲ್ಲ, ಕಾಲಿಗೆ ಯಾಕಿಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಹೂಮಳೆಗೆ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಮೇನ್ ಪೈಪ್ ಒಡೆದರೆ ಬದಲಿಸಬಹುದು. ಕೊನೆಯ ಸಣ್ಣ ಪೈಪುಗಳೇ ಕಟ್ಟಿಕೊಂಡಿದ್ದರೆ ಹೊಸ ಪೈಪನ್ನು ಯಾವುದಕ್ಕೆ ಜೋಡಿಸುವುದು? ಬರ್ಗರ್ಸ್‌ನಲ್ಲಿ ಆಗುವುದು ಅದೇ. ಅದಕ್ಕೇ ಕೆಲವರಿಗಷ್ಟೇ ಬೈಪಾಸ್ ಸಾಧ್ಯ. ನೋವು ತಗ್ಗಿಸಲು, ಚರ್ಮಕ್ಕೆ ರಕ್ತ ಹೆಚ್ಚಿಸಲು ಸೊಂಟದ ಬಳಿ ರಕ್ತನಾಳವನ್ನು ಬಿಗಿಗೊಳಿಸುವ ನರ ಕತ್ತರಿಸುವ ಸಿಂಪಥೆಕ್ಟಮಿ ಎಂಬ ಆಪರೇಷನ್ ಮಾಡುತ್ತಾರೆ. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆಯ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಗೆ ಈ ಕಾಯಿಲೆಗೆಂದೇ 2016ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಮಿತ ಅನುಮತಿ ಸಿಕ್ಕಿತ್ತು. ಆದರೆ ಕಾಂಡಕೋಶದ ಹೆಸರಿನಲ್ಲಿ ದುಡ್ಡು ಕೀಳುವವರೂ ಇದ್ದಾರೆ, ರಕ್ತನಾಳ ತಜ್ಞರ ಸಲಹೆ ಇಲ್ಲದೆ ಎಲ್ಲೂ ಹಣ ಕಟ್ಟಬೇಡಿ. ಇವುಗಳಲ್ಲಿ ಯಾವುದನ್ನು ಮಾಡಿಸಿಕೊಂಡರೂ ಬೀಡಿ ಮುಂದುವರಿಸಿದರೆ ಉಪಯೋಗವಿಲ್ಲ.

ಕಾಯಬಾರದ ಹೊತ್ತು

ಕಾಲು ಅಥವಾ ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳುಚಿಕೊಂಡು, ಮರಗಟ್ಟಿ, ಬೆರಳು ಆಡಿಸಲು ಆಗದಿದ್ದರೆ ಕೈಯಲ್ಲಿರುವುದು ಕೆಲವೇ ಗಂಟೆ. 108ಕ್ಕೆ ಕರೆ ಮಾಡಿ. ಕಪ್ಪಾದ ಬೆರಳಿನಿಂದ ವಾಸನೆ, ಕೀವು, ಪಾದದ ಮೇಲೆ ಏರುತ್ತಿರುವ ಕೆಂಪು, ಚಳಿಜ್ವರ ಇದ್ದರೆ ಅಂದೇ ಆಸ್ಪತ್ರೆ. ಒಣಗಿ ಕಪ್ಪಾದ ಬೆರಳನ್ನು ನೀರಲ್ಲಿ ನೆನೆಸಬೇಡಿ, ನೀವೇ ಕೀಳಬೇಡಿ, ಒಣ ಬಟ್ಟೆ ಸುತ್ತಿ ಕರೆದೊಯ್ಯಿರಿ. ಭಾರೀ ಮಳೆಯಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿ ಮುಚ್ಚಿದ್ದನ್ನು 2018ರಲ್ಲಿ ನೋಡಿದ್ದೇವೆ. ಮಳೆಗಾಲದಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲೂ ನಿಮ್ಮ ಹೆಸರು, ದಾಖಲೆ ಇರುವಂತೆ ನೋಡಿಕೊಳ್ಳಿ.

ಕಾಗದಪತ್ರ, ಖರ್ಚು, ಮುಂದಿನ ಭೇಟಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ವೆಚ್ಚದ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ. ಹೊರಗಿನ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯಿರಿ. ನಿಮಗೆ ಬರೆದುಕೊಟ್ಟ ಚಿಕಿತ್ಸೆ ಯೋಜನೆಯಲ್ಲಿ ಇದೆಯೇ ಎಂದು ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಕೇಳಿ.

ಡಾಪ್ಲರ್, ಆಂಜಿಯೋಗ್ರಾಮ್ ವರದಿ ಮತ್ತು ಸಿಡಿಯನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿಡಿ, ನಮ್ಮೂರ ತೇವಕ್ಕೆ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಮುಂದಿನ ಭೇಟಿಗೆ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ನೋವಿಲ್ಲದೆ ಎಷ್ಟು ದೂರ ನಡೆಯುತ್ತೀರಿ, ರಾತ್ರಿ ನೋವಿಗೆ ಎಷ್ಟು ಸಲ ಎಚ್ಚರವಾಗುತ್ತದೆ, ಕೊನೆಯ ಸಲ ತಂಬಾಕು ಮುಟ್ಟಿದ ತಾರೀಖು ಯಾವುದು. ವೈದ್ಯರು ಮೊದಲು ಕೇಳುವುದು ಮೂರನೆಯದನ್ನೇ.